ವಸಡಿನ ರೋಗಕ್ಕೂ ಅವ್ವನ ಮರೆವಿಗೂ ನಂಟಿದೆಯೇ?

ಪ್ರಶ್ನೆ: ನಾನು ಗೋಕಾಕದವಳು, ವಯಸ್ಸು 44. ನಮ್ಮ ಅವ್ವನಿಗೆ 69. ಹತ್ತು ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಅವಳ ತವರು ನಿಪ್ಪಾಣಿ ಕಡೆ, ಚಿಕ್ಕವಳಿದ್ದಾಗಿನಿಂದ ಮಿಶ್ರಿ (ಹುರಿದ ತಂಬಾಕಿನ ಪುಡಿ) ಹಚ್ಚಿ ಹಲ್ಲುಜ್ಜುವ ರೂಢಿ. ಈಗ ವಸಡು ಬಾತಿವೆ, ಬಾಯಿ ವಾಸನೆ ಇದೆ, ಕೆಳಗಿನ ಎರಡು ಹಲ್ಲು ಅಲ್ಲಾಡುತ್ತಿವೆ. ಒಂದು ವರ್ಷದಿಂದ ಮರೆವೂ ಶುರುವಾಗಿದೆ. ಒಲೆ ಮೇಲೆ ಹಾಲಿಟ್ಟು ಮರೆಯುತ್ತಾಳೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾಳೆ. ನಮ್ಮಜ್ಜಿಗೂ ಕೊನೆಗಾಲದಲ್ಲಿ ಅರಳುಮರಳು ಆಗಿತ್ತು. ವಸಡಿನ ಕ್ರಿಮಿ ಮಿದುಳಿಗೆ ಏರಿ ಮರೆವಿನ ರೋಗ ತರುತ್ತದೆ, ವಸಡು ಕ್ಲೀನ್ ಮಾಡಿಸಿದರೆ ಮರೆವು ನಿಲ್ಲುತ್ತದೆ ಎಂದು ವಾಟ್ಸಾಪ್‌ನಲ್ಲಿ ಬಂದಿದೆ. ನಿಜವೇ? ಅವ್ವ ಮಾತ್ರ "ಕ್ಲೀನ್ ಮಾಡಿಸಿದ್ರ ಇದ್ದ ಹಲ್ಲೂ ಸಡಲ ಆಗ್ತಾವ" ಅಂತ ಒಪ್ಪುತ್ತಿಲ್ಲ. ನನಗೂ ಬ್ರಷ್ ಮಾಡುವಾಗ ರಕ್ತ ಬರುತ್ತದೆ. ನಾನೇನು ಮಾಡಲಿ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ, ವಿವರ ಆಮೇಲೆ ನೋಡೋಣ. ಅವ್ವನ ವಸಡಿಗೆ ಚಿಕಿತ್ಸೆ ಮಾಡಿಸಿ, ತಡ ಮಾಡಬೇಡಿ. ಆದರೆ ಅದರಿಂದ ಮರೆವು ನಿಲ್ಲುತ್ತದೆ ಎಂಬ ಆಸೆ ಇಟ್ಟುಕೊಳ್ಳಬೇಡಿ. ಮರೆವನ್ನು ಬೇರೆಯಾಗಿಯೇ ವೈದ್ಯರಿಗೆ ತೋರಿಸಬೇಕು. ಹಲ್ಲಿನ ಡಾಕ್ಟರ ಹತ್ತಿರ ಹೋಗುವ ಮೊದಲೇ ಆ ಕೆಲಸ ಆದರೆ ಇನ್ನೂ ಒಳ್ಳೆಯದು. ನಿಮ್ಮ ವಸಡಿನಿಂದ ಬರುವ ರಕ್ತವನ್ನೂ ಸುಮ್ನೆ ಬಿಡಬೇಡಿ. ಮಿದುಳಿನ ಮಟ್ಟಿಗೆ ನೋಡಿದರೆ ವಸಡಿನ ಆರೈಕೆಯಿಂದ ಲಾಭ ಆಗುವುದಿದ್ದರೆ ಅದು ನಿಮ್ಮ ವಯಸ್ಸಿನಲ್ಲೇ ಜಾಸ್ತಿ.

ಆ ಸಂದೇಶ ಪೂರ್ತಿ ಸುಳ್ಳಲ್ಲ. 2019ರಲ್ಲಿ 'ಸೈನ್ಸ್ ಅಡ್ವಾನ್ಸಸ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಒಂದು ಸಂಶೋಧನೆ ಬಂತು. ವಸಡಿನ ರೋಗದಲ್ಲಿ ಮುಖ್ಯ ಪಾತ್ರ ವಹಿಸುವ ಬ್ಯಾಕ್ಟೀರಿಯಾದ ಹೆಸರು ಪಾರ್ಫೈರೊಮೊನಾಸ್ ಜಿಂಜಿವಾಲಿಸ್. ಅದು ಜಿಂಜಿಪೇನ್ ಎಂಬ ಕಿಣ್ವಗಳನ್ನು ಬಿಡುತ್ತದೆ, ಅವು ಸುತ್ತಲಿನ ಜೀವಕೋಶಗಳನ್ನು ಹಾಳು ಮಾಡುತ್ತವೆ. ಮರೆವಿನ ರೋಗಗಳಲ್ಲೇ ಹೆಚ್ಚು ಕಾಣುವ ಅಲ್ಝೈಮರ್ ಇದ್ದು ತೀರಿಕೊಂಡವರ ಮಿದುಳಿನ ಮಾದರಿಗಳನ್ನು ಪರೀಕ್ಷಿಸಿದಾಗ 90%ಕ್ಕಿಂತ ಹೆಚ್ಚಿನವುಗಳಲ್ಲಿ ಈ ಕಿಣ್ವ ಕಂಡಿತು. ಇಲಿಗಳ ಬಾಯಿಗೆ ಆ ಬ್ಯಾಕ್ಟೀರಿಯಾ ಹಾಕಿದಾಗ ಅದು ಅವುಗಳ ಮಿದುಳಿಗೂ ತಲುಪಿತು, ಅಲ್ಝೈಮರ್‌ನಲ್ಲಿ ಗಂಟುಗಟ್ಟುವ ಅಮಿಲಾಯ್ಡ್ ಎಂಬ ಪ್ರೋಟೀನ್ ಹೆಚ್ಚಾಯಿತು. ಸುದ್ದಿ ಜಗತ್ತೆಲ್ಲ ಹರಡಿತು. ನಿಮಗೆ ಬಂದಿರುವುದು ಅದರದೇ ಮರಿ.

ಆ ಸಂದೇಶದಲ್ಲಿ ಬಿಟ್ಟುಹೋದ ಎರಡು ಸಂಗತಿ ಇವೆ. ಒಂದು, ಮರೆವಿನ ರೋಗ ಇಲ್ಲದೆ ತೀರಿಕೊಂಡ ಕೆಲವರ ಮಿದುಳಿನಲ್ಲೂ, ಕಡಿಮೆ ಮಟ್ಟದಲ್ಲಾದರೂ, ಅದೇ ಕಿಣ್ವ ಇತ್ತು. ಎರಡನೆಯದು ಇನ್ನೂ ದೊಡ್ಡದು. ಕಿಣ್ವವೇ ಅಪರಾಧಿ ಆಗಿದ್ದರೆ ಅದನ್ನು ತಡೆಯುವ ಔಷಧದಿಂದ ಮರೆವು ನಿಲ್ಲಬೇಕು ಅಲ್ವಾ? ಅಂಥ ಮಾತ್ರೆಯನ್ನು ತಯಾರಿಸಿ ಪರೀಕ್ಷಿಸಿದರು. ಅಲ್ಝೈಮರ್ ಶುರುವಿನ ಮತ್ತು ನಡುವಿನ ಹಂತದಲ್ಲಿದ್ದ 643 ಜನರಲ್ಲಿ ಕೆಲವರಿಗೆ ಆ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಖಾಲಿ ಮಾತ್ರೆ ಕೊಟ್ಟು 48 ವಾರ ನೋಡಿದರು. 2021ರಲ್ಲಿ ಫಲಿತಾಂಶ ಬಂತು. ನೆನಪಿನ ಶಕ್ತಿ ಕುಗ್ಗುವುದರಲ್ಲಾಗಲಿ, ದಿನದ ಕೆಲಸ ಮಾಡಿಕೊಳ್ಳುವುದರಲ್ಲಾಗಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಮೇಲಾಗಿ ಕೆಲವರ ಲಿವರ್‌ಗೆ ತೊಂದರೆ ಆಯಿತು. ಜೊಲ್ಲಿನಲ್ಲಿ ಆ ಬ್ಯಾಕ್ಟೀರಿಯಾ ಇದ್ದವರಲ್ಲಿ ಸ್ವಲ್ಪ ಉಪಯೋಗ ಆದಂತೆ ಕಂಡಿತು ಎಂದು ಮಾತ್ರೆ ತಯಾರಿಸಿದ ಕಂಪನಿ ಹೇಳಿತು. ಆದರೆ ಅದು ಗುಂಪಿನೊಳಗಿನ ಒಂದು ಚಿಕ್ಕ ಗುಂಪಿನ ಲೆಕ್ಕ. ಅಷ್ಟನ್ನೇ ನಂಬಿ ಯಾರಿಗೂ ಭರವಸೆ ಕೊಡಲು ಬರುವುದಿಲ್ಲ.

ಹಾಗಾದರೆ ನಂಟೇ ಇಲ್ಲವೇ? ಇದೆ. ಅಮೆರಿಕದಲ್ಲಿ ಸರಾಸರಿ 63 ವಯಸ್ಸಿನ 8,275 ಜನರ ಹಲ್ಲು ವಸಡು ಪರೀಕ್ಷಿಸಿ, ಸರಾಸರಿ 18 ವರ್ಷ ಅವರ ಆರೋಗ್ಯ ಗಮನಿಸಿದರು. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ವಸಡು ಗಟ್ಟಿಯಿದ್ದು ಹಲ್ಲೆಲ್ಲ ಇದ್ದವರಲ್ಲಿ 14% ಜನರಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ರೋಗ, ಬಂತು. ವಸಡಿನ ರೋಗ ಅಷ್ಟಿಷ್ಟು ಇದ್ದವರಲ್ಲಿ 18%, ಜೋರಾಗಿದ್ದವರಲ್ಲಿ 22%, ಒಂದೂ ಹಲ್ಲಿಲ್ಲದವರಲ್ಲಿ 23%. ಏಣಿಯ ಮೆಟ್ಟಿಲಿನ ಹಾಗೆ ಏರುತ್ತಾ ಹೋಗುವ ಈ ಅಂಕಿ ನೋಡಿದರೆ ಯಾರಿಗಾದರೂ ಗಾಬರಿ ಆಗುತ್ತದೆ. ಆದರೆ ಓದು, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಉಳಿದದ್ದು ಸಾಧಾರಣ ಏರಿಕೆ, ಸುಮಾರು 20%ದಷ್ಟು. ಅಂದರೆ ನೂರರಲ್ಲಿ ಹತ್ತು ಜನರಿಗೆ ಬರುವ ಕಡೆ ಹನ್ನೆರಡು ಜನರಿಗೆ ಬಂದ ಹಾಗೆ.

ತೈವಾನಿನ ವಿಮಾ ದಾಖಲೆಗಳನ್ನು ನೋಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತು ವರ್ಷ ವಸಡಿನ ರೋಗ ಇದ್ದವರಿಗೆ ಅಲ್ಝೈಮರ್ ಅಪಾಯ 1.7 ಪಟ್ಟು ಇತ್ತು. ನನಗೆ ಅದರಲ್ಲಿ ಮುಖ್ಯ ಅನಿಸಿದ್ದು 'ಹತ್ತು ವರ್ಷ' ಎಂಬ ಮಾತು. ನಂಟು ಕಂಡದ್ದು ದೀರ್ಘ ಕಾಲ ರೋಗ ಇದ್ದವರಲ್ಲಿ, ನಿಮ್ಮ ವಯಸ್ಸಿನಲ್ಲೇ ಲಾಭ ಜಾಸ್ತಿ ಎಂದದ್ದು ಅದಕ್ಕೇ. ಆದರೆ ವಿಮಾ ದಾಖಲೆಯಲ್ಲಿ ಯಾರು ಸಿಗರೇಟು ಸೇದುತ್ತಿದ್ದರು ಎಂಬುದು ಇರುವುದಿಲ್ಲ. ತಂಬಾಕು ವಸಡನ್ನೂ ಕೆಡಿಸುತ್ತದೆ, ಮಿದುಳಿನ ರಕ್ತನಾಳಗಳನ್ನೂ ಕೆಡಿಸುತ್ತದೆ. ಹೀಗಿರುವಾಗ ಮರೆವಿಗೆ ವಸಡೇ ಕಾರಣ ಎನ್ನಲು ಆಗುವುದಿಲ್ಲ. ಎರಡರ ಹಿಂದೆಯೂ ಇದ್ದ ತಂಬಾಕು ಕಾರಣವೋ ಏನೋ.

ಇನ್ನೊಂದು ತೊಡಕಿದೆ. ನಿಮ್ಮ ಮನೆಯಲ್ಲೇ ಅದನ್ನು ನೋಡಬಹುದು. ಮರೆವು ಶುರುವಾದವರು ಹಲ್ಲುಜ್ಜುವುದನ್ನೂ ಮರೆಯುತ್ತಾರೆ. ಅಲ್ಝೈಮರ್‌ನಲ್ಲಿ ಮಿದುಳಿನ ಬದಲಾವಣೆ ಮರೆವು ಕಾಣಿಸಿಕೊಳ್ಳುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮೊದಲೇ ಶುರುವಾಗಿರುತ್ತದೆ. ಆ ಕಾಲದಲ್ಲೇ ಶಿಸ್ತು, ಆಸಕ್ತಿ ಸ್ವಲ್ಪ ಸ್ವಲ್ಪವಾಗಿ ಕುಗ್ಗುತ್ತಾ ಬಂದರೆ ಬಾಯಿಯ ಆರೈಕೆಯೂ ಕುಗ್ಗುತ್ತದೆ. ಆಗ ವಸಡಿನ ರೋಗ ಮರೆವಿಗೆ ಕಾರಣವಲ್ಲ, ಮರೆವಿನ ಮೊದಲ ಫಲ. ಯಾವುದು ಮೊದಲು ಎಂದು ಬಿಡಿಸುವುದು ಸುಲಭವಲ್ಲ. ಎರಡೂ ದಿಕ್ಕಿನಲ್ಲಿ ಸ್ವಲ್ಪ ಸ್ವಲ್ಪ ನಿಜ ಇರಬಹುದು ಎಂಬುದು ನನ್ನ ಅಭಿಪ್ರಾಯ.

ವಸಡಿನಿಂದ ಮಿದುಳಿಗೆ ತೊಂದರೆ ಹೇಗೆ ತಲುಪೀತು ಎಂದು ನೀವು ಕೇಳಬಹುದು. ಹಲ್ಲಿನ ಬುಡದಲ್ಲಿ ಅಂಟು ಪದರ ಕೂರುತ್ತದೆ, ಉಜ್ಜದಿದ್ದರೆ ಗಟ್ಟಿಯಾಗಿ ಕಿಟ್ಟ ಆಗುತ್ತದೆ. ವಸಡು ಬಾತು ಹಲ್ಲಿನಿಂದ ದೂರ ಸರಿಯುತ್ತದೆ. ನಡುವೆ ಸಂದು ಬೀಳುತ್ತದೆ, ನಾವು ಹಲ್ಲಿನ ಡಾಕ್ಟರುಗಳು ಅದಕ್ಕೆ ಪಾಕೆಟ್ ಅನ್ನುತ್ತೇವೆ. ಆ ಸಂದಿನ ಒಳಗೋಡೆ ಹಸಿಗಾಯ. ಹಲ್ಲುಗಳ ಸುತ್ತ ಇರುವ ಇಂಥ ಒಳಗೋಡೆಯನ್ನೆಲ್ಲ ಸೇರಿಸಿ ಅಳೆದರೆ 8ರಿಂದ 20 ಚದರ ಸೆಂಟಿಮೀಟರ್ ಆಗುತ್ತದೆ ಎಂದು 2001ರಲ್ಲಿ ಲೆಕ್ಕ ಹಾಕಿದ್ದಾರೆ. ರೋಗ ಹೆಚ್ಚಿದ್ದವರಲ್ಲಿ ಅದು ಒಂದು ಬೆಂಕಿಪೊಟ್ಟಣದ ಮೇಲ್ಮೈಯಷ್ಟು. ಅಷ್ಟು ದೊಡ್ಡ ಗಾಯ ಕಾಲಿನ ಮೇಲೆ ಇದ್ದಿದ್ದರೆ ನಾವು ಅದೇ ದಿನ ಆಸ್ಪತ್ರೆಗೆ ಓಡುತ್ತಿದ್ದೆವು. ಬಾಯೊಳಗಿದೆ, ನೋವಿಲ್ಲ, ಹಾಗಾಗಿ ವರ್ಷಗಟ್ಟಲೆ ಹಾಗೇ ಬಿಡುತ್ತೇವೆ. ಆ ಗಾಯದಿಂದ ಬ್ಯಾಕ್ಟೀರಿಯಾ ಅಗಿಯುವಾಗ, ಉಜ್ಜುವಾಗ ರಕ್ತಕ್ಕೆ ಸೇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಉರಿಯೂತದಲ್ಲಿ ಹುಟ್ಟುವ ರಾಸಾಯನಿಕಗಳು ಮೈಯೆಲ್ಲ ಸುತ್ತುತ್ತವೆ. ಮಿದುಳಿನ ಕಾವಲು ಜೀವಕೋಶಗಳನ್ನೂ ಅವು ಕೆರಳಿಸಬಹುದು ಎಂಬುದು ವಿಜ್ಞಾನಿಗಳ ವಾದ.

ಆದರೆ ನಿಮ್ಮ ಅವ್ವನ ವಿಷಯದಲ್ಲಿ ಇದಕ್ಕಿಂತ ಗಟ್ಟಿಯಾದ ದಾರಿ ಇನ್ನೊಂದಿದೆ. ಆ ಸಂದೇಶದಲ್ಲಿ ಅದರ ಮಾತೇ ಇಲ್ಲ. ಅದು ಸಕ್ಕರೆ ಕಾಯಿಲೆ.

ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ವಸಡು ಬೇಗ ಕೆಡುತ್ತದೆ. ವಸಡು ಕೆಟ್ಟರೆ ಉರಿಯೂತದಿಂದಾಗಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಸಕ್ಕರೆ ಏರುತ್ತದೆ. ಒಂದನ್ನೊಂದು ತಳ್ಳುತ್ತಾ ಹೋಗುತ್ತವೆ. ಇದು ಊಹೆಯ ಮಾತಲ್ಲ. 2022ರಲ್ಲಿ ಕೊಕ್ರೇನ್ ಸಂಸ್ಥೆ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ವಸಡಿನ ಚಿಕಿತ್ಸೆ ಮಾಡಿಸಿದ ಸಕ್ಕರೆ ರೋಗಿಗಳಲ್ಲಿ ಮೂರ್ನಾಲ್ಕು ತಿಂಗಳಿಗೆ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಸಕ್ಕರೆ, 0.43 ಅಂಶ ಇಳಿದಿತ್ತು. 8.5 ಇದ್ದವರಿಗೆ 8.1ರ ಹತ್ತಿರ ಬಂದ ಹಾಗೆ. ಕಡಿಮೆ ಅನಿಸಬಹುದು. ಆದರೆ ಇದು ಮಾತ್ರೆ ಹೆಚ್ಚಿಸದೆ, ವಸಡನ್ನು ಮಾತ್ರ ಸ್ವಚ್ಛ ಮಾಡಿದ್ದಕ್ಕೆ ಸಿಕ್ಕ ಇಳಿಕೆ.

2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಡಿಮೆನ್ಷಿಯಾ ಅಪಾಯ ಹೆಚ್ಚಿಸುವ, ನಾವು ಬದಲಾಯಿಸಬಹುದಾದ 14 ಕಾರಣಗಳ ಪಟ್ಟಿ ಕೊಟ್ಟಿತು. ಅವನ್ನೆಲ್ಲ ಸರಿಪಡಿಸಿದರೆ ಸುಮಾರು 45% ಡಿಮೆನ್ಷಿಯಾ ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ಸಕ್ಕರೆ ಕಾಯಿಲೆ ಅದರಲ್ಲಿದೆ, ತಂಬಾಕಿನ ಹೊಗೆ ಇದೆ, ಬಿಪಿ, ಕಿವಿ ಮಂದ, ಕಣ್ಣು ಮಂಜು, ಕೊಲೆಸ್ಟ್ರಾಲ್, ಒಂಟಿತನ, ಖಿನ್ನತೆ, ಓಡಾಟ ಇಲ್ಲದಿರುವುದು, ಇವೆಲ್ಲ ಇವೆ. ವಸಡಿನ ರೋಗ ಆ ಪಟ್ಟಿಯಲ್ಲಿ ಇಲ್ಲ. ನಾನು ವಸಡಿನ ಡಾಕ್ಟರ್, ನನ್ನ ವಿಷಯ ಆ ಪಟ್ಟಿಯಲ್ಲಿ ಇರಲಿ ಎಂಬ ಆಸೆ ನನಗೂ ಇದ್ದೇ ಇರುತ್ತದೆ. ಆದರೂ ಇಲ್ಲದಿರುವುದೇ ಸರಿ ಅನಿಸುತ್ತದೆ, ಸಾಕ್ಷಿ ಇನ್ನೂ ಅಷ್ಟು ಬಲಿತಿಲ್ಲ. ಆದ್ದರಿಂದ ಡೆಂಟಲ್ ಕ್ಲಿನಿಕ್ಕಿನಲ್ಲಿ ಯಾರಾದರೂ "ಈ ಚಿಕಿತ್ಸೆ ಮಾಡಿಸಿ, ಮರೆವು ಬರಲ್ಲ" ಎಂದರೆ ನಂಬಬೇಡಿ. ಅವ್ವನ ಸಕ್ಕರೆ ಇಳಿಸಲು ವಸಡಿನ ಚಿಕಿತ್ಸೆ ಸಹಾಯ ಮಾಡುತ್ತದೆ, ಸಕ್ಕರೆ ಹತೋಟಿಯಲ್ಲಿದ್ದರೆ ಮಿದುಳಿಗೆ ಒಳ್ಳೆಯದು. ಇಷ್ಟನ್ನು ಧೈರ್ಯವಾಗಿ ಹೇಳಬಹುದು.

ಈಗ ಅವ್ವನ ಮರೆವಿನ ವಿಷಯ. ಇದನ್ನು ಹಲ್ಲಿನ ಡಾಕ್ಟರ್ ಹೇಳಬೇಕೇ ಅನಿಸಬಹುದು. ಆದರೆ ನಿಮ್ಮ ಪ್ರಶ್ನೆ ಓದಿದಾಗ ನನಗೆ ಮೊದಲು ಚಿಂತೆ ಆದದ್ದು ಅದೇ. "ವಯಸ್ಸಾಯಿತು, ಅರಳುಮರಳು" ಎಂದು ಬಿಟ್ಟುಬಿಡುವ ರೂಢಿ ನಮ್ಮಲ್ಲಿ ತುಂಬಾ ಇದೆ. ಮರೆವಿನ ಕಾರಣಗಳಲ್ಲಿ ಸರಿಪಡಿಸಬಹುದಾದವೂ ಇವೆ. ವಿಟಮಿನ್ ಬಿ12 ಕೊರತೆ ಅವುಗಳಲ್ಲೊಂದು. ಮಾಂಸ ತಿನ್ನದವರಲ್ಲಿ ಅದು ಸಾಮಾನ್ಯ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರಲ್ಲೂ ಕಾಣುತ್ತದೆ. ಥೈರಾಯ್ಡ್ ಕಡಿಮೆ ಆಗಿದ್ದರೆ, ಸೋಡಿಯಂ ಇಳಿದಿದ್ದರೆ, ಮನಸ್ಸು ಕುಗ್ಗಿದ್ದರೆ ಮರೆವು ಬರುತ್ತದೆ. ಸಕ್ಕರೆ ಪದೇ ಪದೇ ತೀರಾ ಕೆಳಗಿಳಿಯುತ್ತಿದ್ದರೂ ಬರುತ್ತದೆ. ಅಲರ್ಜಿ, ನಿದ್ದೆ, ಪದೇ ಪದೇ ಮೂತ್ರಕ್ಕೆ ಹೋಗುವ ತೊಂದರೆ, ಇವಕ್ಕೆ ಕೊಡುವ ಕೆಲವು ಮಾತ್ರೆಗಳು ನೆನಪನ್ನೂ ಮಂಕು ಮಾಡುತ್ತವೆ, ಬಾಯಿಯನ್ನೂ ಒಣಗಿಸುತ್ತವೆ. ಬಾಯಿ ಒಣಗಿದರೆ ಹಲ್ಲು ಬೇಗ ಹುಳುಕಾಗುತ್ತವೆ. ಹಾಗಂತ ಯಾವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರನ್ನು ಕೇಳಿ. ಮೊದಲು ನಿಮ್ಮ ಫಿಸಿಶಿಯನ್ ಹತ್ತಿರ ರಕ್ತಪರೀಕ್ಷೆ ಮಾಡಿಸಿ. ಕಿವಿಯನ್ನೂ ತೋರಿಸಿ. ಸರಿಯಾಗಿ ಕೇಳಿಸದವರು ಕೇಳಿದ್ದನ್ನೇ ಕೇಳುತ್ತಾರೆ, ಎಷ್ಟೋ ಸಲ ಅದನ್ನು ನಾವು ಮರೆವು ಎಂದುಕೊಳ್ಳುತ್ತೇವೆ. ಅಷ್ಟರಿಂದ ತಿಳಿಯದಿದ್ದರೆ ನರರೋಗ ಅಥವಾ ಮಾನಸಿಕ ತಜ್ಞರು ನೋಡಬೇಕು. ಧಾರವಾಡದ ಡಿಮ್ಹಾನ್ಸ್ (ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ) ನಿಮಗೆ ದೂರವೇನಲ್ಲ. ಅವ್ವನ ಮರೆವು ಒಂದೆರಡು ದಿನದಲ್ಲಿ ಏಕಾಏಕಿ ಹೆಚ್ಚಾದರೆ, ಮಾತು ತಡಬಡಿಸಿದರೆ, ಕೈಕಾಲು ಸೋತರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಅವ್ವನ ಹೆದರಿಕೆಗೆ ಬರೋಣ. "ಕ್ಲೀನ್ ಮಾಡಿಸಿದ್ರ ಹಲ್ಲು ಸಡಲ ಆಗ್ತಾವ" ಎಂಬ ಮಾತು ಬೆಳಗಾವಿ, ಬಾಗಲಕೋಟೆ, ವಿಜಯಪುರ ಎಲ್ಲ ಕಡೆ ಕೇಳುತ್ತೇನೆ. ಅದನ್ನು ಸುಮ್ನೆ ಮೂಢನಂಬಿಕೆ ಎಂದು ತಳ್ಳಿಹಾಕಬಾರದು, ಜನ ತಮ್ಮ ಬಾಯಲ್ಲಿ ಕಂಡದ್ದನ್ನೇ ಹೇಳುತ್ತಾರೆ. ಹಲ್ಲನ್ನು ಹಿಡಿದಿಡುವುದು ಸುತ್ತಲಿನ ಮೂಳೆ. ರೋಗದಿಂದ ಮೂಳೆ ಮೊದಲೇ ಕರಗಿರುತ್ತದೆ. ಆ ಜಾಗದಲ್ಲಿ ಕಿಟ್ಟ ಗಟ್ಟಿಯಾಗಿ ಕೂತು ಪಕ್ಕಪಕ್ಕದ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿ ನಿಲ್ಲಿಸಿರುತ್ತದೆ. ಕಿಟ್ಟ ತೆಗೆದಾಗ ಹಲ್ಲಿನ ನಿಜವಾದ ಸ್ಥಿತಿ ಹೊರಬೀಳುತ್ತದೆ. ವಸಡಿನ ಬಾವು ಇಳಿಯುತ್ತದೆ, ಸಂದು ಕಾಣುತ್ತದೆ, ತಣ್ಣೀರು ಕೆಲವು ದಿನ ಜುಂ ಅನ್ನುತ್ತದೆ. ನಾಲ್ಕಾರು ವಾರದಲ್ಲಿ ವಸಡು ಬಿಗಿಯಾದರೆ ಸ್ವಲ್ಪ ಅಲ್ಲಾಡುತ್ತಿದ್ದ ಹಲ್ಲುಗಳು ಮೊದಲಿಗಿಂತ ಗಟ್ಟಿಯಾಗಿ ನಿಲ್ಲುವುದೂ ಉಂಟು. ತೀರಾ ಅಲ್ಲಾಡುವ ಹಲ್ಲು ಉಳಿಯಲಿಕ್ಕಿಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಅವ್ವನಿಗೆ ಅವರ ಮಾತಿನಲ್ಲೇ ಹೇಳಿ: "ಯವ್ವಾ, ಹಲ್ಲ ಹಿಡದದ್ದು ಎಲುಬು, ಕಿಟ್ಟ ಅಲ್ಲ. ಕಿಟ್ಟ ಬಿಟ್ರ ಉಳದ ಎಲುಬೂ ಕರಗತೈತಿ."

ಚಿಕಿತ್ಸೆ ಹೀಗೆ ನಡೆಯುತ್ತದೆ. ಗುರುತು ಹಾಕಿದ ಸಣ್ಣ ಕಡ್ಡಿಯಿಂದ ಒಂದೊಂದು ಹಲ್ಲಿನ ಸುತ್ತ ಸಂದಿನ ಆಳ ಅಳೆಯುತ್ತೇವೆ. 3 ಮಿಲಿಮೀಟರ್‌ವರೆಗೆ ಸರಿ. 4 ದಾಟಿದರೆ ರೋಗದ ಗುರುತು, 6 ಆದರೆ ಗಂಭೀರ. ಎಕ್ಸ್‌ರೇಯಲ್ಲಿ ಮೂಳೆ ಎಷ್ಟು ಉಳಿದಿದೆ ನೋಡುತ್ತೇವೆ. ಆಮೇಲೆ ಮೇಲಿನ ಕಿಟ್ಟ ತೆಗೆಯುವುದು. ಸಂದು ಆಳವಿದ್ದ ಕಡೆ ಮರಗಟ್ಟಿಸಿ ಬೇರಿನವರೆಗೂ ಸ್ವಚ್ಛ ಮಾಡುವುದು, ಅದಕ್ಕೆ ಡೀಪ್ ಕ್ಲೀನಿಂಗ್ ಅನ್ನುತ್ತಾರೆ. ಎರಡು ಮೂರು ತಿಂಗಳ ನಂತರ ಮತ್ತೆ ಅಳೆಯಬೇಕು. ಈ ಮರು-ಅಳತೆಗೆ ಬರುವವರು ಕಡಿಮೆ. ಒಮ್ಮೆ ಕ್ಲೀನ್ ಮಾಡಿಸಿ ಮೂರು ವರ್ಷ ಬಿಟ್ಟರೆ ಮಾಡಿಸಿದ್ದೆಲ್ಲ ನೀರಲ್ಲಿ ಹೋಮ ಮಾಡಿದಂತೆ. ಅವ್ವ ಬಿಪಿಗೆ ಆಮ್ಲೋಡಿಪಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಕೆಲವರಿಗೆ ಆ ಮಾತ್ರೆಯಿಂದ ವಸಡು ಬೆಳೆದು ದಪ್ಪ ಆಗುತ್ತದೆ.

ಬೆಳಗಾವಿಯ ಕೆಎಲ್‌ಇ ವಿ.ಕೆ. ದಂತ ವೈದ್ಯಕೀಯ ಕಾಲೇಜು, ಬಾಗಲಕೋಟೆಯ ಪಿ.ಎಂ. ನಾಡಗೌಡ ದಂತ ಕಾಲೇಜು, ವಿಜಯಪುರದ ಅಲ್-ಅಮೀನ್ ದಂತ ಕಾಲೇಜು, ಇಂಥ ಕಡೆ ವಸಡಿನ ಕಾಯಿಲೆ ನೋಡುವವರು ಸಿಗುತ್ತಾರೆ. ಹಲ್ಲು ಪೂರ್ತಿ ಹೋದ ಬಿಪಿಎಲ್ ಕಾರ್ಡಿನ ಹಿರಿಯರಿಗೆ ರಾಜ್ಯ ಸರ್ಕಾರದ ದಂತಭಾಗ್ಯ ಯೋಜನೆಯಲ್ಲಿ ಉಚಿತ ಹಲ್ಲಿನ ಸೆಟ್ ಕೊಡುವ ವ್ಯವಸ್ಥೆ ಇದೆ. ಹತ್ತಿರದ ದಂತ ಕಾಲೇಜಿನಲ್ಲೋ ಜಿಲ್ಲಾ ಆಸ್ಪತ್ರೆಯಲ್ಲೋ ವಿಚಾರಿಸಿ.

ಮಿಶ್ರಿ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಅದು ಹಲ್ಲುಪುಡಿ ಅಲ್ಲ. ತಂಬಾಕನ್ನು ಹೆಂಚಿನ ಮೇಲೆ ಕಪ್ಪಗೆ ಹುರಿದು ಪುಡಿ ಮಾಡಿದ್ದು. ಬೆರಳಿಂದ ವಸಡಿಗೆ ತಿಕ್ಕಿದಾಗ ನಿಕೋಟಿನ್ ನೇರ ರಕ್ತಕ್ಕೆ ಹೋಗುತ್ತದೆ. ಅದಕ್ಕೇ ಬೆಳಿಗ್ಗೆ ಮಿಶ್ರಿ ಹಚ್ಚದಿದ್ದರೆ ತಲೆನೋವು, ಹೊಟ್ಟೆ ಕಟ್ಟಿದಂತೆ ಅನಿಸುತ್ತದೆ. ನಿಪ್ಪಾಣಿ, ಚಿಕ್ಕೋಡಿ ಕಡೆಯ ಎಷ್ಟೋ ಹೆಣ್ಣುಮಕ್ಕಳು "ನಾವು ತಂಬಾಕು ತಿನ್ನಂಗಿಲ್ರಿ" ಎನ್ನುತ್ತಾರೆ, ಮಿಶ್ರಿಯನ್ನು ಅವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ತಂಬಾಕು ಇನ್ನೊಂದು ರೀತಿಯಲ್ಲೂ ಮೋಸ ಮಾಡುತ್ತದೆ. ಅದರ ನಿಕೋಟಿನ್ ವಸಡಿನ ರಕ್ತನಾಳಗಳನ್ನು ಬಿಗಿ ಮಾಡುವುದರಿಂದ ರಕ್ತ ಕಡಿಮೆ ಬರಬಹುದು. ಒಳಗೆ ಮೂಳೆ ಕರಗುತ್ತಿದ್ದರೂ ಹೊರಗೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಮಿಶ್ರಿ ಬಿಟ್ಟ ಕೆಲವು ವಾರಕ್ಕೆ ರಕ್ತ ಜಾಸ್ತಿ ಬಂದರೆ "ಬಿಟ್ಟದ್ದಕ್ಕೇ ಹೀಗಾಯಿತು" ಎಂದು ಮತ್ತೆ ಹಿಡಿಯಬೇಡಿ ಎಂದು ಅವ್ವನಿಗೆ ಮೊದಲೇ ಹೇಳಿಡಿ. ಬಾಯಿ ತೋರಿಸುವಾಗ ಕೆನ್ನೆಯ ಒಳಭಾಗ, ನಾಲಿಗೆಯ ಅಡಿ, ಬೆರಳು ಆಡುವ ಜಾಗ ಇವನ್ನೂ ನೋಡಲು ಹೇಳಿ. ಬಿಳಿ ಅಥವಾ ಕೆಂಪು ಕಲೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಪರೀಕ್ಷಿಸಬೇಕು. 69ರ ವಯಸ್ಸಿನಲ್ಲಿ, ಅದೂ ಮರೆವು ಶುರುವಾಗಿರುವಾಗ, ಗದರಿಸಿ ಬಿಡಿಸಲು ಹೋಗಬೇಡಿ. ರಾಷ್ಟ್ರೀಯ ತಂಬಾಕು ಮುಕ್ತಿ ಸಹಾಯವಾಣಿ 1800-112-356 ಉಚಿತ. ನೀವೇ ಕರೆ ಮಾಡಿ ಹೇಗೆ ಬಿಡಿಸಬೇಕು ಎಂದು ಕೇಳಬಹುದು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಮಾತು. ಬಾಯಿಗೂ ಮರೆವಿಗೂ ಇರುವ ನಂಟಿನಲ್ಲಿ ಯಾವ ವಿವಾದವೂ ಇಲ್ಲದ್ದು ಒಂದಿದೆ. ಮರೆವು ಬಂದವರ ಬಾಯಿಯನ್ನು ಯಾರೂ ನೋಡುವುದಿಲ್ಲ. ಸ್ನಾನ ಮಾಡಿಸುತ್ತೇವೆ, ಬಟ್ಟೆ ಬದಲಿಸುತ್ತೇವೆ, ತುತ್ತು ತಿನ್ನಿಸುತ್ತೇವೆ. ಆದರೆ ಬಾಯೊಳಗೆ ಇಣುಕುವುದಿಲ್ಲ. ಕೆನ್ನೆಯ ಸಂದಿಯಲ್ಲಿ ರಾತ್ರಿ ತಿಂದ ಅನ್ನ ಬೆಳಿಗ್ಗೆವರೆಗೂ ಉಳಿದಿರುತ್ತದೆ. ಅಲ್ಲಿ ಬೆಳೆದ ಬ್ಯಾಕ್ಟೀರಿಯಾ ಜೊಲ್ಲಿನ ಜೊತೆ ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ. ಜಪಾನಿನ 11 ವೃದ್ಧರ ಆರೈಕೆ ಕೇಂದ್ರಗಳಲ್ಲಿ ಎರಡು ವರ್ಷ ಹೋಲಿಸಿ ನೋಡಿದರು, 1999ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಊಟದ ನಂತರ ಪ್ರತಿ ಸಲ ಬಾಯಿ ಸ್ವಚ್ಛ ಮಾಡಿದ ಹಿರಿಯರಲ್ಲಿ 11% ಜನರಿಗೆ ನ್ಯುಮೋನಿಯಾ ಬಂತು, ಮಾಡದವರಲ್ಲಿ 19%. ಮರೆವಿನ ರೋಗಿಗಳ ಸಾವಿಗೆ ನ್ಯುಮೋನಿಯಾ ದೊಡ್ಡ ಕಾರಣ ಎಂಬುದು ಗೊತ್ತಿದ್ದವರಿಗೆ ಈ ಅಂತರದ ಬೆಲೆ ತಿಳಿಯುತ್ತದೆ.

ಅವ್ವ ಈಗ ತಾವೇ ಉಜ್ಜಿಕೊಳ್ಳುತ್ತಿರಬಹುದು. ಆದರೂ ರಾತ್ರಿ ಒಂದು ಸಲ ಪಕ್ಕದಲ್ಲಿ ನಿಂತು ನೋಡಿ. ಎಷ್ಟೋ ಜನ ಮುಂದಿನ ನಾಲ್ಕು ಹಲ್ಲಿಗೆ ಬ್ರಷ್ ಆಡಿಸಿ "ಆತು" ಅನ್ನುತ್ತಾರೆ. ಮೃದು ಎಳೆಯ ಸಣ್ಣ ತಲೆಯ ಬ್ರಷ್, ಮಕ್ಕಳದ್ದಾದರೂ ಸರಿ, ಕಡಲೆಕಾಳಿನಷ್ಟು ಪೇಸ್ಟ್. ಬ್ರಷ್ಷನ್ನು ವಸಡು ಹಲ್ಲು ಸೇರುವ ಗೆರೆಗೆ ಓರೆಯಾಗಿ ಹಿಡಿದು ಮೆತ್ತಗೆ ಅಲ್ಲಾಡಿಸಬೇಕು. ಮುಂದೆ ಅವರಿಗೆ ಆಗದ ದಿನ ಬಂದರೆ ಕುರ್ಚಿಯಲ್ಲಿ ಕೂರಿಸಿ, ನೀವು ಹಿಂದೆ ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಎದುರು ನಿಂತು ಬಾಯಿಗೆ ಕೈ ಹಾಕಿದರೆ ಹೆದರುತ್ತಾರೆ. ಒಂದು ಕೈ ಗದ್ದಕ್ಕೆ ಆಸರೆ ಇರಲಿ, ಇನ್ನೊಂದರಲ್ಲಿ ಬ್ರಷ್. ಅವರ ಕೈಗೂ ಒಂದು ಬ್ರಷ್ ಕೊಡಿ, ಮೊದಲು ಅವರೇ ಶುರು ಮಾಡಲಿ, ಅವರ ಕೈ ಮೇಲೆ ನಿಮ್ಮ ಕೈ ಇಡಿ. ದಿನಾ ಅದೇ ಹೊತ್ತು, ಅದೇ ಜಾಗ, ಅದೇ ಮಾತು. ಬಾಯಿ ಬಿಡಲು ಒಪ್ಪದಿದ್ದರೆ ಜಗ್ಗಾಡಬೇಡಿ, ಅರ್ಧ ತಾಸು ಬಿಟ್ಟು ಮತ್ತೆ ಬನ್ನಿ. ಮುಕ್ಕಳಿಸಿ ಉಗುಳಲು ಬರದಿದ್ದರೆ ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿ ಒರೆಸಿ, ಆದರೆ ಹಲ್ಲುಗಳ ನಡುವೆ ಬೆರಳು ಇಡಬೇಡಿ, ಗೊತ್ತಿಲ್ಲದೆ ಕಚ್ಚಿಬಿಡುತ್ತಾರೆ. ಹಲ್ಲಿನ ಸೆಟ್ ಇದ್ದರೆ ರಾತ್ರಿ ತೆಗೆದು, ಉಜ್ಜಿ, ನೀರಿನಲ್ಲಿ ಇಡಬೇಕು.

ನೋವನ್ನು ಅವರು ಬಾಯಿಬಿಟ್ಟು ಹೇಳಲಾರರು, ನೀವೇ ಗುರುತಿಸಬೇಕಾಗುತ್ತದೆ. ದಿನಾ ತಿನ್ನುವ ಕಟಕ್ ರೊಟ್ಟಿ ಬೇಡ ಅನ್ನುವುದು, ಒಂದೇ ಕಡೆ ಅಗಿಯುವುದು, ಊಟಕ್ಕೆ ಕರೆದರೆ ಸಿಡುಕುವುದು, ಕೆನ್ನೆ ಹಿಡಿದುಕೊಳ್ಳುವುದು. ಇದನ್ನು ಹಟ, ಹುಚ್ಚಾಟ ಎಂದು ತಿಳಿಯಬೇಡಿ, ಮೊದಲು ಟಾರ್ಚ್ ಹಿಡಿದು ಬಾಯಿ ನೋಡಿ. ಮರೆವು ಇನ್ನೂ ಶುರುವಿನಲ್ಲಿ ಇರುವಾಗಲೇ ಹಲ್ಲಿನ ಕೆಲಸವನ್ನೆಲ್ಲ ಮುಗಿಸಿಕೊಳ್ಳಿ ಎಂದು ನಾನು ಒತ್ತಾಯಿಸುವುದು ಇದಕ್ಕೇ. ಈಗ ಅವ್ವ ಕುರ್ಚಿಯಲ್ಲಿ ಕೂತು ಬಾಯಿ ತೆರೆದು ಸಹಕರಿಸುತ್ತಾರೆ. ನಾಲ್ಕು ವರ್ಷದ ನಂತರ ಅದೇ ಕೆಲಸ ಅವರಿಗೂ ಕಷ್ಟ, ಡಾಕ್ಟರಿಗೂ ಕಷ್ಟ.

ಇನ್ನು ನಿಮ್ಮ ವಿಷಯ. 44ಕ್ಕೆ ವಸಡಿನಿಂದ ರಕ್ತ ಬರುವುದು ಸಾಮಾನ್ಯ, ಆದರೆ ಸರಿಯಲ್ಲ. ರಕ್ತ ಬರುತ್ತದೆಂದು ಆ ಜಾಗ ಬಿಟ್ಟು ಉಜ್ಜಬೇಡಿ, ಅಲ್ಲೇ ಹೆಚ್ಚು ಗಮನ ಕೊಡಿ. ಬರೀ ವಸಡಿನ ಬಾವು ಮಾತ್ರ ಆಗಿದ್ದರೆ ಒಮ್ಮೆ ಕಿಟ್ಟ ತೆಗೆಸಿ, ದಿನಕ್ಕೆ ಎರಡು ಸಲ ಸರಿಯಾಗಿ ಉಜ್ಜಿ, ಹಲ್ಲಿನ ಸಂದಿಗಳನ್ನು ಸಂದಿಬ್ರಷ್‌ನಿಂದ ಸ್ವಚ್ಛ ಮಾಡಿದರೆ ಎರಡು ಮೂರು ವಾರದಲ್ಲಿ ರಕ್ತ ನಿಲ್ಲುತ್ತದೆ. ನಿಲ್ಲದಿದ್ದರೆ ಸಂದಿನ ಆಳ ಅಳೆಸಿಕೊಳ್ಳಿ. ಬೇವಿನ ಕಡ್ಡಿ ಉಪಯೋಗಿಸುವವರು ಅದರ ಜೊತೆಗೆ ಬ್ರಷ್ಷನ್ನೂ ಬಳಸಿ, ಕಡ್ಡಿ ಒಳದವಡೆಯ ಹಿಂಬದಿಗೆ ಹೋಗುವುದಿಲ್ಲ. ನಮ್ಮ ಕಡೆ ಕೆಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವುದರಿಂದ ಹಲ್ಲಿನ ಮೇಲೆ ಕಂದು ಕಲೆ ಇರುತ್ತದೆ. ಅದು ವಸಡಿನ ರೋಗವಲ್ಲ, ಕ್ಲೀನಿಂಗ್‌ನಿಂದ ಹೋಗುವುದೂ ಇಲ್ಲ.

ಅಜ್ಜಿಗೆ ಬಂದಿತ್ತು, ಅವ್ವನಿಗೆ ಬಂದಿದೆ, ನನಗೂ ಬರುತ್ತದೆ ಎಂದು ಕೊರಗಬೇಡಿ. ಹೆತ್ತವರಿಗೆ ಇದ್ದರೆ ಅಪಾಯ ಸ್ವಲ್ಪ ಹೆಚ್ಚು, ನಿಜ. ಆದರೆ ವಯಸ್ಸಾದ ಮೇಲೆ ಬರುವ ಮರೆವಿನ ರೋಗ ನೇರವಾಗಿ ತಾಯಿಯಿಂದ ಮಗಳಿಗೆ ಇಳಿಯುವಂಥದ್ದಲ್ಲ. ನಿಮ್ಮ ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ಈ ವರ್ಷವೇ ಪರೀಕ್ಷೆ ಮಾಡಿಸಿ. ಅವ್ವನಿಗೆ ಸಕ್ಕರೆ ಇರುವುದರಿಂದ ನಿಮಗೆ ಅದು ಬರುವ ಸಂಭವ ಹೆಚ್ಚು, ಮಿದುಳಿಗೂ ವಸಡಿಗೂ ಅದು ಮುಖ್ಯ. ದಿನಾ ಬೆವರು ಬರುವಷ್ಟು ನಡೆಯಿರಿ.

ಅವ್ವನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ಯುವ ದಿನ ಬೆಳಗಿನ ಹೊತ್ತು ಇಟ್ಟುಕೊಳ್ಳಿ. ನಾಷ್ಟಾ ಮಾಡಿಸಿ, ಸಕ್ಕರೆ ಮಾತ್ರೆ ಎಂದಿನಂತೆ ಕೊಟ್ಟು ಕರೆದುಕೊಂಡು ಬನ್ನಿ. ಖಾಲಿ ಹೊಟ್ಟೆಯಲ್ಲಿ ಕುರ್ಚಿ ಮೇಲೆ ಸಕ್ಕರೆ ಇಳಿದರೆ ತೊಂದರೆ. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಚೀಟಿ ಮತ್ತು ಇತ್ತೀಚಿನ ಎಚ್‌ಬಿಎ1ಸಿ ರಿಪೋರ್ಟ್ ಜೊತೆಗಿರಲಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಮೂರು ತಿಂಗಳ ನಂತರ ಎಚ್‌ಬಿಎ1ಸಿ ಮತ್ತೆ ಮಾಡಿಸಿ, ವಸಡಿನ ಮರು-ಅಳತೆಗೂ ಅದೇ ವಾರ ಬನ್ನಿ. ಎರಡೂ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಇಬ್ಬರು ಡಾಕ್ಟರಿಗೂ ತೋರಿಸಬಹುದು.